ಅರವತ್ತೆರಡು ಬಾಯಿ

ಕಡೂರಿನ ಬಜಾರಿನಲ್ಲಿ ಹಲ್ಲಿನ ಲಿಂಗಪ್ಪ ಅಂದರೆ ಯಾರು ಬೇಕಾದರೂ ಅಂಗಡಿ ತೋರಿಸುತ್ತಿದ್ದರು. ಅವನು ಲಿಂಗಪ್ಪನಲ್ಲ. ಅಪ್ಪ ಇಟ್ಟ ಹೆಸರು ಲಿಂಗ್ ವೆನ್ ಷು. ಚೀನಾದವನು. ಆ ಹೆಸರು ಪೂರ್ತಿಯಾಗಿ ಇದ್ದದ್ದು ಎರಡೇ ಕಡೆ. ಒಂದು ಪೊಲೀಸ್ ಠಾಣೆಯ ರಿಜಿಸ್ಟರಿನಲ್ಲಿ. ಇನ್ನೊಂದು ರೈಲ್ವೆ ಗೇಟಿನ ಕೇರಿಯ ದುರ್ಗಮ್ಮನ ನೆನಪಿನಲ್ಲಿ.

ಅವನು ಕಡೂರಿಗೆ ಬಂದದ್ದು ಅರವತ್ತಾರರಲ್ಲಿ. ಅದಕ್ಕೆ ಮೊದಲು ಬೇರೆ ಊರಿನಲ್ಲಿ ಅವನಿಗೆ ಹಲ್ಲು ಕಟ್ಟುವ ಅಂಗಡಿಯಿತ್ತು, ಹೆಂಡತಿಯಿದ್ದಳು. ಚೀನಾದ ಯುದ್ಧ ಬಂತು. ಪೊಲೀಸರು ಬಂದು ಇಬ್ಬರನ್ನೂ ರೈಲು ಹತ್ತಿಸಿದರು. ರಾಜಸ್ಥಾನದ ಮರಳಿನಲ್ಲಿ ಒಂದು ಕ್ಯಾಂಪು. ಅಲ್ಲಿ ಮೂರು ವರ್ಷ. ಹೆಂಡತಿ ಅಲ್ಲೇ ಸತ್ತಳು. ಬಿಡುಗಡೆಯಾಗಿ ಹಿಂದಿರುಗಿದಾಗ ಅವನ ಅಂಗಡಿಯಲ್ಲಿ ಯಾರೋ ಸೈಕಲ್ ರಿಪೇರಿ ಇಟ್ಟುಕೊಂಡಿದ್ದರು. ಅವನು ಏನೂ ಕೇಳದೆ ತಾನು ಬಂದಿದ್ದ ಬಸ್ಸಿನಲ್ಲೇ ಮುಂದಕ್ಕೆ ಹೊರಟ. ಬಸ್ಸು ಕಡೂರಿನಲ್ಲಿ ನಿಂತಿತು. ಇಳಿದ.

ಊರೊಳಗೆ ಯಾರೂ ಬಾಡಿಗೆಗೆ ಕೊಡಲಿಲ್ಲ. ಕಪ್ಪೆ ತಿನ್ನೋನು ಅಂದರು. ಹಾವು ತಿನ್ನೋನು ಅಂದರು. ಗೂಢಚಾರ ಇರಬಹುದು ಅಂದರು. ಕೊನೆಗೆ ಗೇಟಿನ ಪಕ್ಕ, ಕೇರಿಗೆ ಅಂಟಿಕೊಂಡಂತೆ ಪಾಳು ಬಿದ್ದಿದ್ದ ಒಂದು ತಗಡಿನ ಷೆಡ್ಡು ಸಿಕ್ಕಿತು. ಷೆಡ್ಡಿಗೆ ನೀರಿರಲಿಲ್ಲ. ನೀರು ತಂದುಕೊಟ್ಟವಳು ದುರ್ಗಮ್ಮ. ಆಗ ಅವಳಿಗೆ ಹದಿನೆಂಟೋ ಇಪ್ಪತ್ತೋ. ಅಜ್ಜಂಪುರದ ಕಡೆಯಿಂದ ಮದುವೆಯಾಗಿ ಬಂದು ವರ್ಷವಾಗಿತ್ತು. ಗಂಡ ಕರಿಯಣ್ಣ ರೈಲ್ವೆ ಗ್ಯಾಂಗಿನಲ್ಲಿ ಕೂಲಿ. ಅವನು ಹಳಿಯ ಕೆಳಗೆ ಜಲ್ಲಿ ತುಂಬುತ್ತಿದ್ದ, ಇವಳು ಜಲ್ಲಿ ಒಡೆಯುತ್ತಿದ್ದಳು.

ಚೀನಾದವನು ಕೇರಿಯ ಬಾವಿಯ ನೀರು ಕುಡಿದ. ಕುಡಿದದ್ದನ್ನು ಊರು ನೋಡಲಿಲ್ಲ. ಊರು ಆ ಕಡೆ ತಿರುಗುತ್ತಲೇ ಇರಲಿಲ್ಲ.

ಕನ್ನಡವನ್ನೂ ಅವನು ಕೇರಿಯಲ್ಲೇ ಕಲಿತ. ‘ಉಂಡ್ಯಾ’, ‘ಬಾರವ್ವ’, ‘ಬಾಯ್ ಕಳಿ’ ಎಂದು ಅವರಂತೆಯೇ ಅನ್ನುತ್ತಿದ್ದ. ಮೊದಮೊದಲು ಹಲ್ಲು ಕೀಳಿಸಿಕೊಂಡವರೂ ಕೇರಿಯವರೇ, ಗ್ಯಾಂಗಿನವರೇ. ಕೊಡಲು ಏನೂ ಇಲ್ಲದವರು ಎರಡು ಮೊಟ್ಟೆ ಇಟ್ಟು ಹೋಗುತ್ತಿದ್ದರು. ಹಬ್ಬಕ್ಕೆ ಕೇರಿಯವರು ಕರೆದರೆ ಅವನು ಬಂದು ಚಾಪೆಯ ಮೇಲೆ ಕೂತು ಉಂಡು, ಎಲೆ ತಾನೇ ಎತ್ತಿ ಹೋಗುತ್ತಿದ್ದ.

ದುರ್ಗಮ್ಮ ನೀರು ಹಾಕುತ್ತ, ಕಸ ಗುಡಿಸುತ್ತ ಅವನ ಕೆಲಸ ನೋಡಿದಳು. ಹಲ್ಲಿಲ್ಲದವರ ಬಾಯಿಗೆ ಮೇಣ ಒತ್ತಿ ಅಳತೆ ತೆಗೆಯುವುದು. ಅದಕ್ಕೆ ಪ್ಲಾಸ್ಟರ್ ಹುಯ್ದು ಅಚ್ಚು ಮಾಡುವುದು. ಅಚ್ಚಿನ ಮೇಲೆ ಮೇಣದ ವಸಡು ಕಟ್ಟಿ ಹಲ್ಲು ಜೋಡಿಸುವುದು. ಗುಲಾಬಿ ಪುಡಿಗೆ ಸೀಸೆಯ ಘಾಟು ನೀರು ಕಲಸಿ ಮೇಣದ ಜಾಗದಲ್ಲಿ ತುಂಬುವುದು. ಹಿತ್ತಾಳೆ ಡಬ್ಬಿಯಲ್ಲಿ ಬಿಗಿದು ಕುದಿಸುವುದು. ಆಮೇಲೆ ಅರದಲ್ಲಿ ಉಜ್ಜಿ, ಚಕ್ರ ತುಳಿದು ಹೊಳಪು ಬರಿಸುವುದು. ಒಂದು ದಿನ ಅವನು, ಪರದೇಶದವರು ಹಾಕಬೇಕಾದ ತಿಂಗಳ ಸಹಿ ಹಾಕಲು ಠಾಣೆಗೆ ಹೋಗಿದ್ದಾಗ ಅವಳು ಅರ್ಧ ಬಿಟ್ಟಿದ್ದ ಸೆಟ್ಟಿಗೆ ಉಳಿದ ಹಲ್ಲುಗಳನ್ನು ಕೂರಿಸಿದಳು. ಅವನು ಬಂದು ನೋಡಿದ. ಎರಡು ಹಲ್ಲು ಕಿತ್ತು ಮತ್ತೆ ಅವಳು ಇಟ್ಟಿದ್ದಲ್ಲಿಗೇ ಇಟ್ಟ. “ನಾಳಿಂದ ಜಲ್ಲಿ ಬ್ಯಾಡ,” ಅಂದ.

ಅಂದಿನಿಂದ ಬಾಯಿಯ ಕೆಲಸ ಅವನದು, ಅಚ್ಚಿನ ಕೆಲಸ ಅವಳದು.

ಎಪ್ಪತ್ನಾಲ್ಕರಲ್ಲಿ ಕೊಬ್ಬರಿ ಮಂಡಿಯ ಸಾಹುಕಾರ ಸೋಮಶೇಖರಪ್ಪನಿಗೆ ದವಡೆ ಊದಿಕೊಂಡಿತು. ಮೂರು ದಿನ ಊಟವಿಲ್ಲ, ನಿದ್ದೆಯಿಲ್ಲ. ಷೆಡ್ಡಿನ ಕುರ್ಚಿಯಲ್ಲಿ ಕೂರಲು ಅವನು ಒಪ್ಪಲಿಲ್ಲ. ಆ ಕುರ್ಚಿಯಲ್ಲಿ ಯಾರು ಯಾರು ಕೂತಿದ್ದರೋ. ಲಿಂಗ್ ಪೆಟ್ಟಿಗೆ ಹೊತ್ತುಕೊಂಡು ಅವನ ಮನೆಗೇ ಹೋಗಿ, ಜಗಲಿಯ ಮೇಲೆ ಕೂರಿಸಿ, ಸೂಜಿ ಹಾಕಿ ಹಲ್ಲು ಕಿತ್ತ. ನೋವೇ ಆಗಲಿಲ್ಲ. ಕಿತ್ತ ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಸಾಹುಕಾರ ಬೆರಗಾದ.

“ಬಜಾರಿಗೆ ಬಾರಯ್ಯ,” ಅಂದ. “ನಂದೊಂದು ಮಳಿಗೆ ಖಾಲಿ ಬಿದ್ದೈತೆ. ಆದ್ರೆ ನೋಡು, ನಮ್ಮ ಕಟ್ಟಡ್ದಾಗೆ ಮಾಂಸ ಬೇಯಿಸಂಗಿಲ್ಲ. ಸೋಮವಾರ ಅಂಗಡಿ ತೆಗಿಯಂಗಿಲ್ಲ. ಆ ಗೇಟಿನ ಜನ ಮುಂದಿನ ಬೆಂಚಿನ ಮ್ಯಾಲೆ ಕೂರಂಗಿಲ್ಲ. ಇಷ್ಟು ನಡೆಸ್ಕಂಡ್ ಹೋದ್ರೆ ನೀನೂ ನಮ್ಮೋನೇ.”

ಲಿಂಗ್ ನಡೆಸಿಕೊಂಡು ಹೋದ. ಹಂದಿ ಬಿಟ್ಟ. ಮೀನು ಬಿಟ್ಟ. ಬಜಾರಿನವರು ಲಿಂಗಪ್ಪ ಅಂದರು, ಓಗೊಟ್ಟ. ಬೋರ್ಡಿನಲ್ಲಿದ್ದ ‘ಚೈನೀಸ್’ ಎಂಬ ಮಾತನ್ನು ಬಣ್ಣ ಬಳಿದು ಅಳಿಸಿದ. ಕುರ್ಚಿಯ ಎದುರು ಮಠದ ಕ್ಯಾಲೆಂಡರು ತೂಗುಹಾಕಿದ. ಅವನ ಮಾತೂ ಬದಲಾಯಿತು. ‘ಬಾಯ್ ಕಳಿ’ ಹೋಗಿ ‘ಬಾಯಿ ತೆಗೀರಿ ಸ್ವಾಮಿ’ ಬಂತು. ಬಾಯಿ ಮುಕ್ಕಳಿಸಲು ಎರಡು ಲೋಟ ಇಟ್ಟ. ಒಂದು ಸ್ಟೀಲಿನದು, ಕುರ್ಚಿಯ ಪಕ್ಕ. ಇನ್ನೊಂದು ಅಲ್ಯುಮಿನಿಯಂ, ಹಿತ್ತಲ ಗೂಡಿನಲ್ಲಿ. ಕೇರಿಯವರಿಗೆ ಮಂಗಳವಾರ ಸಂಜೆ ಮಾತ್ರ, ಹಿತ್ತಲಲ್ಲಿ, ಸ್ಟೂಲಿನ ಮೇಲೆ. ಇಷ್ಟನ್ನು ಯಾರೂ ಅವನಿಗೆ ಬರೆದುಕೊಟ್ಟಿರಲಿಲ್ಲ. ನೋಡಿ ನೋಡಿ ಕಲಿತ. ಕೇರಿಯಲ್ಲಿ ಕನ್ನಡ ಕಲಿತ ಹಾಗೆಯೇ.

ದುರ್ಗಮ್ಮನಿಗೆ ಅವನು ಹೇಳಿದ್ದು ಇಷ್ಟು. “ನೀನೂ ಬಾ. ಹಿಂದ್ಗಡೆ ಓಣಿಯಿಂದ. ಹಿಂದಿನ ಕೋಣೆಯಾಗೆ ಕೂತ್ಕೋ. ಯಾರಾರ ಕೇಳಿದ್ರೆ ಕಸ ಗುಡ್ಸೋಳು ಅನ್ನು.”

ಅವಳು ಹೂಂ ಅಂದಳು. ಇಲ್ಲ ಅಂದಿದ್ದರೆ ಜಲ್ಲಿಯ ರಾಶಿ ಅಲ್ಲೇ ಕಾಯುತ್ತಿತ್ತು.

ಹಿಂದಿನ ಕೋಣೆಗೆ ಒಂದೇ ಕಿಟಕಿ. ಕಿಟಕಿಯ ಆಚೆ ಕೊಬ್ಬರಿ ಗೋಡೌನಿನ ಗೋಡೆ. ಅಲ್ಲಿ ಅವಳು ಏಳು ವರ್ಷ ಕೂತಳು. ಬೆಳಿಗ್ಗೆ ಎಂಟಕ್ಕೆ ಬರುವುದು, ದೀಪ ಹಚ್ಚುವ ಹೊತ್ತಿಗೆ ಹೋಗುವುದು. ಕಾಲು ಚಕ್ರ ತುಳಿಯುತ್ತಿತ್ತು, ಕೈ ಹಲ್ಲು ಹಿಡಿದಿರುತ್ತಿತ್ತು. ಗುಲಾಬಿ ಪುಡಿ ಮೂಗಿನೊಳಗೆ, ಸೆರಗಿನಲ್ಲಿ, ಬುತ್ತಿಯಲ್ಲಿ. ಉಗಿದರೆ ಉಗುಳೂ ಗುಲಾಬಿ. ಸೀಸೆಯ ನೀರು ಬೆರಳ ತುದಿಗಳನ್ನು ತಿಂದಿತು. ಮೊದಲು ಸುಲಿದವು, ಆಮೇಲೆ ಬಿಳಿಚಿದವು, ಆಮೇಲೆ ಜೋಮು ಹಿಡಿದವು. ಆ ಜೋಮು ಬಿಡಲಿಲ್ಲ. ಒಲೆಯ ಮೇಲಿನ ಪಾತ್ರೆಯನ್ನು ಅವಳು ಬರಿಗೈಯಲ್ಲಿ ಇಳಿಸುತ್ತಿದ್ದಳು. ಅತ್ತೆ ದ್ಯಾಮಮ್ಮ ಬೈಯುತ್ತಿದ್ದಳು. ಸುಟ್ಟದ್ದು ಇವಳಿಗೆ ಗೊತ್ತಾಗುತ್ತಿದ್ದದ್ದು ವಾಸನೆಯಿಂದ.

ಕೋಣೆಗೂ ಅಂಗಡಿಗೂ ನಡುವೆ ಒಂದು ಪರದೆ. ಪರದೆಯ ಆಚೆ ಮಾತು ಕೇಳಿಸುತ್ತಿತ್ತು. “ಏನ್ ಕೈಯಯ್ಯಾ ನಿಂದು ಲಿಂಗಪ್ಪ! ಹುಟ್ಟಿದ್ ಹಲ್ಲೂ ಹಿಂಗಿರ್ಲಿಲ್ಲ ನೋಡು.” “ದೇವರ ದಯೆ ಸ್ವಾಮಿ,” ಎಂದು ಲಿಂಗ್ ಹೇಳುತ್ತಿದ್ದ. ತರೀಕೆರೆಯಿಂದ ಬರುತ್ತಿದ್ದರು. ಬೀರೂರಿನಿಂದ ಬರುತ್ತಿದ್ದರು. ಸಂತೆಯ ದಿನ ಲಿಂಗ್ ಠಾಣೆಯಿಂದ ಕಾಗದ ಬರೆಸಿಕೊಂಡು ಪೆಟ್ಟಿಗೆ ಹಿಡಿದು ಅಜ್ಜಂಪುರಕ್ಕೆ ರೈಲು ಹತ್ತುತ್ತಿದ್ದ. ಕಾಗದವಿಲ್ಲದೆ ಅವನು ಊರು ದಾಟುವ ಹಾಗಿರಲಿಲ್ಲ. ಅವನು ಅಳತೆ ತಂದರೆ ಅವಳು ಹಲ್ಲು ಮಾಡುತ್ತಿದ್ದಳು. ಹೋದವರು ಮತ್ತೆ ಬಂದರೆ ಬೇಕಾಗುತ್ತದೆಂದು ಅಚ್ಚುಗಳನ್ನು ಗೋಣಿಚೀಲದಲ್ಲಿ ತುಂಬಿಡುತ್ತಿದ್ದಳು. ಅವಳಿಗೆ ಓದು ಬಾರದು. ಆದರೆ ಯಾವ ಅಚ್ಚು ಯಾರದೆಂದು ಗೊತ್ತು. ಹೆಸರು ಪರದೆಯ ಆಚೆಯಿಂದ ಕೇಳಿಸುತ್ತಿತ್ತು, ದವಡೆ ಈಚೆಗೆ ಬರುತ್ತಿತ್ತು. ಎಂಬತ್ತೊಂದರ ಬೇಸಿಗೆಗೆ ಚೀಲದಲ್ಲಿ ಅರವತ್ತೆರಡು ಬಾಯಿ ಇದ್ದವು.

ಅರವತ್ತೆರಡನೆಯದು ಸೋಮಶೇಖರಪ್ಪನದು. ಅವನ ಉಳಿದ ಹಲ್ಲುಗಳೂ ಅಲ್ಲಾಡಿದ್ದವು. ಎಲ್ಲ ಕೀಳಿಸಿಕೊಂಡು ಪೂರ್ತಿ ಸೆಟ್ಟು ಕಟ್ಟಿಸಿಕೊಂಡ. ಹೊಸ ಹಲ್ಲಿನಲ್ಲಿ ಮೊದಲ ದಿನವೇ ಕೋಡುಬಳೆ ಕಡಿದು ಸದ್ದು ಕೇಳಿಸಿದ. ನಾಲ್ಕು ದಿನ ಕಳೆದ ಮೇಲೆ ಕೆಳಗಿನ ಹಲ್ಲಿನ ಪಟ್ಟಿ ಎಡಗಡೆ ಚುಚ್ಚುತ್ತಿದೆ ಅಂದ. “ಬಿಟ್ಟು ಹೋಗಿ ಸ್ವಾಮಿ, ಸಂಜೆಗೆ ಸರಿ ಮಾಡಿಟ್ಟಿರ್ತೀನಿ,” ಎಂದ ಲಿಂಗ್.

ಸಾಹುಕಾರ ಸಂಜೆಯ ತನಕ ಕಾಯಲಿಲ್ಲ. ಮಧ್ಯಾಹ್ನವೇ ಬಂದ. ಲಿಂಗ್ ಠಾಣೆಗೆ ಹೋಗಿದ್ದ, ಅವತ್ತು ಸಹಿಯ ದಿನ. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಒಳಗೆ ಚಕ್ರದ ಸದ್ದು. ಸೋಮಶೇಖರಪ್ಪ ಪರದೆ ಸರಿಸಿದ.

ದುರ್ಗಮ್ಮ ಚಕ್ರ ನಿಲ್ಲಿಸಿ ಅವನ ಹಲ್ಲುಗಳನ್ನು ಬಾಯಿಯ ಹತ್ತಿರ ಹಿಡಿದು ಪುಡಿ ಊದುತ್ತಿದ್ದಳು. ಊದಿ, ಸೆರಗಿನಿಂದ ಒರೆಸಿ, ಬೆಳಕಿಗೆ ಹಿಡಿದಳು.

“ಯಾರೇ ನೀನು?”

“ದುರ್ಗಮ್ಮ.”

“ಯಾರ ಪೈಕಿ?”

“ಗೇಟಿನ ಕೇರಿಯೋಳು ಸಾವ್ಕಾರ್ರೆ. ಗ್ಯಾಂಗಿನ ಕರಿಯಣ್ಣನ ಹೆಂಡ್ತಿ.”

ಅವನು ಅವಳ ಕೈ ನೋಡಿದ. “ಅದು ನಂದಾ?”

“ಹೂಂ, ನಿಮ್ದೇ. ಈಗ ಚುಚ್ಚಲ್ಲ. ಹಾಕ್ಕಂಡ್ ನೋಡಿ,” ಎಂದು ಅವಳು ಚಾಚಿದಳು.

ಸಾಹುಕಾರನ ಮುಖ ಕಿವುಚಿತು. ಬಾಯಿಗೆ ಶಲ್ಯ ಒತ್ತಿಕೊಂಡು ಹೊರಗೆ ಓಡಿ ಚರಂಡಿಯ ಮೇಲೆ ಬಗ್ಗಿದ. ಅವನು ವಾಂತಿ ಮಾಡಿಕೊಂಡ ಸದ್ದು ಅವಳಿಗೆ ಒಳಗೆ ಕೇಳಿಸಿತು. ಅವಳು ಹಲ್ಲುಗಳನ್ನು ನೀರಿನ ಬೋಗುಣಿಯಲ್ಲಿಟ್ಟಳು. ಎಡಗಡೆ ಹೊಳಪಿಗೆ ಇನ್ನೂ ಒಂದೆಳೆ ಉಜ್ಜಬೇಕಿತ್ತು.

ಮಾರನೆಯ ಬೆಳಿಗ್ಗೆ ಅಂಗಡಿಯ ಮುಂದೆ ಜನ ಸೇರಿದರು. ಇಪ್ಪತ್ತು ಮೂವತ್ತು ಮಂದಿ. ಸೋಮಶೇಖರಪ್ಪ ಬೆಂಚಿನ ಮೇಲೆ ಕೂತಿದ್ದ. ಹಲ್ಲಿಲ್ಲದೆ ಕೆನ್ನೆಗಳು ಒಳಗೆ ಹೋಗಿದ್ದವು. ಅವನು ಮಾತಾಡಲಿಲ್ಲ. ಮಾತಾಡಿದರೆ ತೊದಲುತ್ತಿತ್ತು. ಮಾತಾಡಿದವನು ಅವನ ಅಕ್ಕನ ಮಗ ಷಡಕ್ಷರಿ. ಮಂಡಿಯ ವ್ಯವಹಾರ ನೋಡಿಕೊಳ್ಳುತ್ತಿದ್ದವನು, ಗಟ್ಟಿ ಆಳು.

ದುರ್ಗಮ್ಮನನ್ನು ಕೇರಿಯಿಂದ ಕರೆಸಿದರು. ಮೆಟ್ಟಿಲಿನ ಕೆಳಗೆ, ಬಿಸಿಲಿನಲ್ಲಿ ನಿಲ್ಲಿಸಿದರು. ಕರಿಯಣ್ಣ ಮುಂಜಾನೆಯೇ ತರೀಕೆರೆಯ ಕಡೆ ಹಳಿ ಕೆಲಸಕ್ಕೆ ಹೋಗಿದ್ದ. ಅವಳೊಬ್ಬಳೇ.

ಷಡಕ್ಷರಿ ಲಿಂಗಪ್ಪನ ಕಡೆ ತಿರುಗಿದ. “ಏನಪ್ಪಾ, ಇವಳನ್ನ ಒಳಗೆ ಕೂರಿಸ್ಕಂಡು ಊರೋರ ಬಾಯಿಗೆಲ್ಲ ಮುಟ್ಟಿಸಿದ್ದೀಯಲ್ಲ. ನೀನು ಈ ಊರಾಗೆ ಇರೋ ಕಾಗದ ವರ್ಸಾ ವರ್ಸಾ ಯಾರ ಮಾತಿನ ಮ್ಯಾಲೆ ಆಗ್ತೈತೆ ಗೊತ್ತೈತೇನು? ನಾವ್ ಒಂದ್ ಮಾತು ಹೇಳಿದ್ರೆ ನಾಳೆ ನೀನು ರೈಲಿನಾಗೆ ಇರ್ತೀಯ.”

ಲಿಂಗ್ ಬಾಗಿಲಲ್ಲಿ ನಿಂತಿದ್ದ. ಬಿಳಿ ಕೋಟು ತೊಟ್ಟಿದ್ದ. ಮುಖದಲ್ಲಿ ಏನೂ ಇರಲಿಲ್ಲ.

“ನಾನು ಪರದೇಶದೋನು ಸ್ವಾಮಿ,” ಅಂದ. “ಜಾತಿ ಎಲ್ಲ ನಂಗೆ ತಿಳಿಯಲ್ಲ. ಅವಳು ಗೌಡ್ರ ಪೈಕಿ ಅಂತ ಹೇಳಿದ್ಲು. ನಾನು ನಂಬಿದೆ.”

ದುರ್ಗಮ್ಮ ತಲೆಯೆತ್ತಿ ಅವನನ್ನು ನೋಡಿದಳು. ಅವನು ಬೀದಿಯ ಆಚೆ ನೋಡುತ್ತಿದ್ದ. ಅವಳಿಗೆ ಸಿಟ್ಟು ಬರಲಿಲ್ಲ. ಅಳು ಬರಲಿಲ್ಲ. ನಿನ್ನೆ ಕುದಿಯಲು ಇಟ್ಟಿದ್ದ ಡಬ್ಬಿಯ ನೀರು ಇಂಗಿತೋ ಏನೋ ಎಂದು ಯೋಚನೆ ಬಂತು. ಇಂಗಿದ್ದರೆ ಪಟ್ಟಿಯಲ್ಲಿ ತೂತು ಬೀಳುತ್ತದೆ.

“ಕೇಳಿಸ್ತೇನೇ?” ಷಡಕ್ಷರಿ ಅಂದ. “ಸುಳ್ಳು ಹೇಳಿ ಒಳಗ್ ಸೇರ್ಕಂಡೆ ಅಂತ ಒಪ್ಕೋ. ಮಾವನ ಕಾಲಿಗೆ ಬೀಳು. ಸಗಣಿ ತಂದು ಅಂಗಡಿ ಪೂರಾ ಸಾರ್ಸು. ಆಮೇಲೆ ಈ ಬೀದಿಗೆ ಕಾಲಿಡಬ್ಯಾಡ. ಹೆಂಗ್ಸು ಅಂತ ಇಷ್ಟಕ್ಕೇ ಬಿಡ್ತಾ ಇದೀವಿ.”

ಅವಳು ನಿಂತೇ ಇದ್ದಳು.

“ಬೀಳೇ.”

“ನಾನು ಸುಳ್ಳು ಹೇಳಿಲ್ಲ,” ಅಂದಳು ದುರ್ಗಮ್ಮ. ದನಿ ಏರಲಿಲ್ಲ. “ಈ ಡಾಕ್ಟ್ರು ನಮ್ಮ ಕೇರಿ ನೀರು ಎಂಟ್ ವರ್ಸ ಕುಡಿದವ್ರೆ. ನಮ್ಮನೇಲಿ ಉಂಡವ್ರೆ. ಹಲ್ಲು ಮಾಡಿದ್ದು ನಾನು. ಸಾವ್ಕಾರ್ರದ್ದೊಂದೇ ಅಲ್ಲ. ಎಲ್ಲಾರ್ದೂ.”

“ಏನು ಎಲ್ಲಾರ್ದು?”

ಅವಳು ಮೆಟ್ಟಿಲು ಹತ್ತಿದಳು. ಮೂರು ಮೆಟ್ಟಿಲು. ಏಳು ವರ್ಷದಲ್ಲಿ ಆ ಮೆಟ್ಟಿಲ ಮೇಲೆ ಅವಳ ಕಾಲು ಬಿದ್ದಿರಲಿಲ್ಲ. ಬೆಂಚಿನ ಮೇಲಿದ್ದವರು ಮೈ ತಾಗೀತೆಂದು ಸರಿದರು. ಸರಿದದ್ದರಿಂದ ದಾರಿಯಾಯಿತು. ಅವಳು ಕುರ್ಚಿಯ ಪಕ್ಕ ಹಾದು, ಪರದೆ ಸರಿಸಿ ಒಳಗೆ ಹೋದಳು. ಗೋಣಿಚೀಲವನ್ನು ಎರಡು ಕೈಯಲ್ಲಿ ಎಳೆದುಕೊಂಡು ಹೊರಗೆ ಬಂದಳು. ಚೀಲ ಭಾರವಿತ್ತು. ಯಾರೂ ತಡೆಯಲಿಲ್ಲ. ಏನು ಮಾಡುತ್ತಿದ್ದಾಳೆಂದು ಯಾರಿಗೂ ತಿಳಿದಿರಲಿಲ್ಲ.

ಮೇಲಿನ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು ಚೀಲದ ಬಾಯಿ ಬಿಚ್ಚಿದಳು. ಮೊದಲು ಕೈಗೆ ಸಿಕ್ಕ ಅಚ್ಚನ್ನು ತಿರುಗಿಸಿ ನೋಡಿ ಕಲ್ಲಿನ ಮೇಲಿಟ್ಟಳು.

“ಇದು ಪಂಚಾಕ್ಷರಪ್ಪೋರ್ದು. ಬಲಗಡೆ ದವಡೆ ವಂಕ.”

ಪಂಚಾಕ್ಷರಪ್ಪ ಶಾಲೆಯ ಕಮಿಟಿಯ ಅಧ್ಯಕ್ಷ. ಗುಂಪಿನ ಮುಂದೆಯೇ ನಿಂತಿದ್ದ. ಅವನ ಬಾಯಿ ತೆರೆದಿತ್ತು. ಮುಚ್ಚಿದ. ಒಳಗೆ ಹಲ್ಲು ತಾಗಿದ ಸದ್ದು ಪಕ್ಕದವರಿಗೆ ಕೇಳಿಸಿತು.

“ಇದು ದೇವೀರಪ್ಪೋರ್ದು. ಮ್ಯಾಲಿನ ಅಂಗುಳು ಗುಳಿ. ಮೂರ್ ಸಲ ಮಾಡಿದೀನಿ.”

ಜವಳಿ ಅಂಗಡಿಯ ದೇವೀರಪ್ಪ ಹಿಂದಕ್ಕೆ ಸರಿದ.

“ಇದು ಓಂಕಾರಮೂರ್ತಿ ಅಯ್ನೋರ್ದು, ಗುಡಿ ಪೂಜೆ ಮಾಡ್ತಾರಲ್ಲ, ಅವ್ರುದು. ಮಂತ್ರ ಹೇಳಕ್ಕೆ ತೊಡರ್ತೈತೆ ಅಂತ ಮುಂದಿನ್ವು ಎರಡು ಗಿಡ್ಡ ಮಾಡಿಸ್ಕಂಡ್ರು. ಇದು ಸಾವ್ಕಾರ್ರ ಮನೆ ಮಲ್ಲಿಕಾಂಬಮ್ಮಾರ್ದು. ಇದು...”

ಷಡಕ್ಷರಿ ಮಾವನ ಮುಖ ನೋಡಿದ. ಮಲ್ಲಿಕಾಂಬ ಸಾಹುಕಾರನ ಹೆಂಡತಿ. ಆರು ವರ್ಷದಿಂದ ಆ ಹಲ್ಲಿನಲ್ಲೇ ಪ್ರಸಾದ ತಿಂದಿದ್ದಳು. ಷಡಕ್ಷರಿ ಮೂರು ಮೆಟ್ಟಿಲನ್ನು ಒಂದೇ ಸಲಕ್ಕೆ ಹತ್ತಿ ದುರ್ಗಮ್ಮನ ಕೆನ್ನೆಗೆ ಹೊಡೆದ. ಕೈಬಿಚ್ಚಿ ಅಲ್ಲ, ಮುಷ್ಟಿ ಕಟ್ಟಿ. ಅವಳು ಮೆಟ್ಟಿಲ ಮೇಲಿಂದ ಉರುಳಿ ಬೀದಿಗೆ ಬಿದ್ದಳು. ಒಂದು ಅಚ್ಚು ಅವಳ ಜೊತೆಗೇ ಬಿದ್ದು ಎರಡಾಯಿತು. ಅವಳ ಬಾಯಿಂದ ರಕ್ತ ಬಂತು. ಏಟು ಬೇರೆ ಯಾರಿಗೋ ಬಿದ್ದ ಹಾಗಿತ್ತು ಅವಳಿಗೆ. ಎದ್ದಳು. ಮತ್ತೆ ಹತ್ತಿದಳು. ಮತ್ತೆ ಕೂತಳು.

“ಇದು ಬೀರೂರಿನ ಮರದ ಮಿಲ್ಲಿನೋರ್ದು.”

ಷಡಕ್ಷರಿಯ ಕೈ ಮೇಲೆದ್ದೇ ಇತ್ತು. ಆದರೆ ಹೊಡೆದವಳನ್ನು ಮತ್ತೆ ಮುಟ್ಟಬೇಕಲ್ಲ ಎಂದು ಈಗ ಹೊಳೆಯಿತೋ, ಹಿಂದೆ ಜನ ಕರಗುತ್ತಿದ್ದದ್ದು ಕಂಡಿತೋ, ಕೈ ಇಳಿಯಿತು. ಹೆಸರು ಬರುವ ಮುಂಚೆ ಹೋಗಿಬಿಡಬೇಕೆಂದು ಒಬ್ಬೊಬ್ಬರೇ ಜಾಗ ಖಾಲಿ ಮಾಡುತ್ತಿದ್ದರು. ಬಾಯಿಗೆ ಟವಲು ಒತ್ತಿಕೊಂಡು ಹೋದರು. ಕೆಮ್ಮುತ್ತ ಹೋದರು. ಸೋಮಶೇಖರಪ್ಪ ಎದ್ದ. ಷಡಕ್ಷರಿ ಅವನ ತೋಳು ಹಿಡಿದುಕೊಂಡು ಕರೆದೊಯ್ದ. ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಒಂದು ಎಮ್ಮೆ ಬಿಟ್ಟರೆ ಯಾರೂ ಇರಲಿಲ್ಲ.

ದುರ್ಗಮ್ಮ ನಿಲ್ಲಿಸಲಿಲ್ಲ. ಒಂದೊಂದೇ ತೆಗೆದಳು, ಹೆಸರು ಹೇಳಿದಳು, ಇಟ್ಟಳು. ಕೊನೆಕೊನೆಗೆ ಬಾಯಿ ಊದಿ ಹೆಸರುಗಳು ಸರಿಯಾಗಿ ಹೊರಡಲಿಲ್ಲ. ಆದರೂ ಹೇಳಿದಳು. ಒಡೆದದ್ದನ್ನೂ ಜೋಡಿಸಿಟ್ಟಳು. ಅರವತ್ತೆರಡು. ಬಾಗಿಲಲ್ಲಿ ಲಿಂಗ್ ಒಬ್ಬನೇ ನಿಂತು ಕೇಳುತ್ತಿದ್ದ. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಬಜಾರಿನ ನಡುವೆಯೇ ನಡೆದುಕೊಂಡು ಕೇರಿಗೆ ಹೋದಳು.

ಆಮೇಲೆ ಊರಿನಲ್ಲಿ ಏನಾಯಿತೆಂದರೆ, ನಾಲ್ಕೈದು ಮಂದಿ ಹಲ್ಲನ್ನು ಕೆರೆಗೆ ಎಸೆದರಂತೆ. ಉಳಿದವರು ಗಂಜಲದಲ್ಲಿ ಅದ್ದಿ, ಹಾಲಿನಲ್ಲಿ ತೊಳೆದು, ವಿಭೂತಿ ಹಚ್ಚಿ ಮತ್ತೆ ಬಾಯಿಗೆ ಹಾಕಿಕೊಂಡರು. ರೊಟ್ಟಿ ಕಡಿಯಬೇಕಲ್ಲ. ಆ ವಿಷಯ ಯಾರೂ ಯಾರ ಜೊತೆಗೂ ಎತ್ತಲಿಲ್ಲ. ಸೋಮಶೇಖರಪ್ಪ ಮಾತ್ರ ಶಿವಮೊಗ್ಗಕ್ಕೆ ಹೋಗಿ ಬೇರೆ ಹಲ್ಲು ಕಟ್ಟಿಸಿಕೊಂಡು ಬಂದ.

ಅವತ್ತು ಸಂಜೆ ಕೆಲಸದಿಂದ ಬಂದ ಕರಿಯಣ್ಣ ರಾಡು ತೆಗೆದುಕೊಂಡು ಬಜಾರಿಗೆ ಹೊರಟಿದ್ದ. ದ್ಯಾಮಮ್ಮ ಅವನ ಕಾಲು ಕಟ್ಟಿಕೊಂಡಳು. ದುರ್ಗಮ್ಮ ಗೋಡೆಗೆ ಒರಗಿ ಕೂತಿದ್ದಳು. ಮೂರು ದಿನ ಗಂಜಿ ಕುಡಿದಳು. ಉಪ್ಪು ಹಾಕಿದ್ದಾರೋ ಇಲ್ಲವೋ ಎಂದೂ ಅವಳಿಗೆ ತಿಳಿಯಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಲಿಂಗ್ ಕೇರಿಗೆ ಬಂದ. ಎಷ್ಟೋ ವರ್ಷದ ಮೇಲೆ. ಕೈಯಲ್ಲಿ ಒಂದು ಚೀಲ. ಗುಡಿಸಲ ಮುಂದಿನ ಬಂಡೆಯ ಮೇಲೆ ಕೂತ. ಮಾತಾಡಿದಾಗ ಅವನ ಬಾಯಿಂದ ಕೇರಿಯ ಆ ಹಿಂದಿನ ಕನ್ನಡವೇ ಬಂತು.

“ನೋವೈತಾ?”

“ಇಲ್ಲ.”

“ನಾನು ಒಬ್ನೇ ಮಾಡಕ್ ಆಗಲ್ಲ ದುರ್ಗಮ್ಮ. ಕಣ್ಣು ಹೋಗೈತೆ. ಮೊನ್ನೆ ಮಾಡಿದ್ದು ಕೂರ್ಲಿಲ್ಲ.” ಚೀಲ ಮುಂದಕ್ಕೆ ಸರಿಸಿದ. “ನೀನು ಅಲ್ಲಿಗೆ ಬರಬ್ಯಾಡ. ಅಚ್ಚು ನಾನೇ ತಂದ್ ಕೊಡ್ತೀನಿ. ಇಲ್ಲೇ ಕೂತು ಮಾಡು. ಯಾರಿಗೂ ಗೊತ್ತಾಗಲ್ಲ. ಕೂಲಿ ಎರಡರಷ್ಟು.”

ದುರ್ಗಮ್ಮ ಚೀಲದ ಕಡೆ ನೋಡಲಿಲ್ಲ.

“ಮುಂದಿನ ಬಾಗ್ಲಿಂದ ಬತ್ತೀನಿ,” ಅಂದಳು. “ಪರದೆ ತೆಗೀರಿ. ನಾನು ಮಾಡಾದು ಎಲ್ರೂ ನೋಡ್ಲಿ. ಹಂಗಾದ್ರೆ ಮಾಡ್ತೀನಿ.”

“ಆಗಲ್ಲ.”

“ಹಂಗಾರೆ ಇಲ್ಲ.”

ಲಿಂಗ್ ಅಂಗೈಯಿಂದ ಮುಖ ಉಜ್ಜಿಕೊಂಡ. “ನಂಗೆ ಈ ದೇಶದೋನು ಅನ್ನೋ ಕಾಗದ ಇಲ್ಲ. ನಿಂಗೆ ಊರೈತೆ. ನಂಗೆ ಯಾವುದೂ ಇಲ್ಲ. ಅವತ್ತು ಪೊಲೀಸ್ರು ಬಂದಾಗ ಯಾರ್ ನೀನು ಅಂದ್ರು. ಹಲ್ಲು ಕಟ್ಟೋನು ಅಂದೆ. ಅಲ್ಲ, ನೀನು ಚೀನಾದೋನು ಅಂದ್ರು. ಮೂರ್ ವರ್ಸ ದುರ್ಗಮ್ಮ. ಮರಳು ತಿಂದೆ. ಅವಳನ್ನ ಅಲ್ಲೇ ಹೂತೆ. ಇನ್ನೊಂದ್ ಸಲ ಆಗಲ್ಲ ನಂಗೆ.”

“ಮೂರ್ ವರ್ಸ,” ಅಂದಳು ದುರ್ಗಮ್ಮ. “ಆಮೇಲೆ ಬಿಟ್ರಲ್ಲ.”

ಅವನು ಅವಳನ್ನು ನೋಡಿದ.

“ನೀವು ಬಂದಾಗ ಒಂದ್ ಮಾತೂ ಬರ್ತಿರ್ಲಿಲ್ಲ,” ಅಂದಳು. “ನೀರು ಅನ್ನಕ್ಕೆ ಬರ್ತಿರ್ಲಿಲ್ಲ. ನಾನು ಕಲಿಸ್ದೆ. ಎರಡ್ ಲೋಟ ಇಡಾದು ನಾನು ಕಲಿಸ್ಲಿಲ್ಲ. ಅದ್ನ ನೀವೇ ಕಲ್ತ್ರಿ. ಚೆನ್ನಾಗೇ ಕಲ್ತ್ರಿ. ಈಗ ನೀವು ಊರೋರು. ನಂಗೆ ಊರೈತೆ ಅಂತೀರಲ್ಲ, ಯಾವ್ದು, ತೋರ್ಸಿ.”

ಅವನು ಚೀಲ ಎತ್ತಿಕೊಂಡು ಎದ್ದ. ನಾಲ್ಕು ಹೆಜ್ಜೆ ಹೋಗಿ ಹಿಂದಿರುಗಿ ಬಂದು, ಚೀಲದಿಂದ ಎರಡು ಅರ, ಮೇಣ ಕರಗಿಸುವ ಚಮಚ, ಪುಡಿಯ ಒಂದು ಡಬ್ಬಿ, ಒಂದು ಸೀಸೆ ತೆಗೆದು ಬಂಡೆಯ ಮೇಲಿಟ್ಟ. ಅವನು ಹೋದ ಮೇಲೆ ದ್ಯಾಮಮ್ಮ ಅವನ್ನು ಎತ್ತಿ ಒಳಗಿಟ್ಟಳು.

ದುರ್ಗಮ್ಮ ಜಲ್ಲಿಗೆ ಹೋದಳು. ಸುತ್ತಿಗೆ ಹಿಡಿದದ್ದು ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ಎರಡು ಸಲ ಜಾರಿ ಕಾಲಿನ ಮೇಲೆ ಬಿತ್ತು. ಮೇಸ್ತ್ರಿ ಅವಳನ್ನು ಪುಟ್ಟಿ ಹೊರಲು ಹಾಕಿದ. ಹೊತ್ತಳು. ಮಳೆಗಾಲ ಕಳೆಯಿತು, ದೀಪಾವಳಿ ಕಳೆಯಿತು. ಬಜಾರಿನಲ್ಲಿ ಲಿಂಗಪ್ಪನ ಹಲ್ಲು ಕೂರುವುದಿಲ್ಲ ಎಂದು ಮಾತಾಯಿತು. ಬೆಂಚು ಖಾಲಿ ಬಿತ್ತು. ಸೋಮಶೇಖರಪ್ಪ ಮಳಿಗೆಯನ್ನು ಬೇರೆಯವರಿಗೆ ಗೊತ್ತು ಮಾಡಿದ್ದಾನೆ ಎಂಬ ಸುದ್ದಿಯೂ ಬಂತು. ಹಂದಿ ಬಿಟ್ಟು, ಮೀನು ಬಿಟ್ಟು, ಹೆಸರು ಬಿಟ್ಟು, ದುರ್ಗಮ್ಮನನ್ನೂ ಬಿಟ್ಟು ಅವನು ಉಳಿಸಿಕೊಂಡಿದ್ದದ್ದು ಅದೊಂದು ಮಳಿಗೆ. ಬೇಸಿಗೆಗೆ ಅದೂ ಹೋಯಿತು. ಕಲ್ಕತ್ತೆಯಲ್ಲಿ ಅವನ ಕಡೆಯವರು ಯಾರೋ ಇದ್ದಾರೆ, ಅಲ್ಲಿಂದ ಇನ್ನೂ ದೂರ ಬೇರೆ ದೇಶಕ್ಕೆ ಹೋಗುತ್ತಾನೆ ಎಂದು ಗ್ಯಾಂಗಿನವರು ಹೇಳಿದರು. ಅವನು ರೈಲು ಹತ್ತಿದ್ದನ್ನು ಕರಿಯಣ್ಣ ನೋಡಿದ. ಕೈಯಲ್ಲಿ ಒಂದೇ ಪೆಟ್ಟಿಗೆಯಿತ್ತಂತೆ. ದುರ್ಗಮ್ಮ ಕೇಳಿಸಿಕೊಂಡಳು. ಅವಳು ಅವತ್ತು ಉಂಡಳು, ಮಲಗಿದಳು, ಮಾರನೆಯ ದಿನ ಪುಟ್ಟಿ ಹೊರಲು ಹೋದಳು.

ಅದಾಗಿ ಒಂದು ವಾರಕ್ಕೆ, ಕೆಲಸವಿಲ್ಲದ ದಿನ, ಒಬ್ಬ ಮುದುಕ ಕೇರಿಗೆ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಎಮ್ಮೆದೊಡ್ಡಿಯ ಕಡೆಯ ಕುರಿ ಕಾಯುವವನು, ರೇವಣಪ್ಪ ಅಂತ. ಬೆಳಗಿನ ಜಾವಕ್ಕೆ ಹೊರಟು ನಡೆದೇ ಬಂದಿದ್ದ.

“ಹಲ್ಲು ಮಾಡೋಳು ಇಲ್ಲಿ ಯಾರವ್ವ?”

ದುರ್ಗಮ್ಮ ಬಟ್ಟೆ ಹಿಂಡುತ್ತಿದ್ದಳು. “ಯಾರ್ ಹೇಳಿದ್ರು?”

“ಚೀನಾ ಡಾಕ್ಟ್ರು ಊರ್ ಬಿಡೋ ಮುಂಚೆ ಸಿಕ್ಕಿದ್ದ, ಟೇಸನ್ನಾಗೆ. ಗೇಟಿನ ತಾವ ಹೋಗು, ಮಾಡೋಳು ಅಲ್ಲವ್ಳೆ ಅಂದ.” ಅವನು ಕಂಬಳಿಯ ಮೂಲೆಯ ಗಂಟು ಬಿಚ್ಚಿದ. ಕೆಳಗಿನ ಪಟ್ಟಿ, ನಡುವೆ ಬಿರುಕು ಬಿಟ್ಟಿತ್ತು. “ಕುರಿ ತುಳಿದ್ಬಿಡ್ತು.”

ಅವಳು ತೆಗೆದುಕೊಂಡು ತಿರುಗಿಸಿ ನೋಡಿದಳು. ಅವಳೇ ಮಾಡಿದ್ದು.

“ಅಜ್ಜ, ಇದು ಯಾರ ಕೇರಿ ಗೊತ್ತಲ್ಲ?”

“ಗೊತ್ತು.”

“ನಾನು ಮುಟ್ಟಿದ್ದು ಬಾಯಿಗ್ ಹಾಕ್ಕಂಡ್ರೆ ನಿಮ್ಮೋರು ಸುಮ್ನಿರ್ತಾರಾ?”

ರೇವಣಪ್ಪ ಕೋಲನ್ನು ಗೋಡೆಗೆ ಒರಗಿಸಿದ. “ಇಷ್ಟ್ ದಿನ ಏನ್ ಬಾಯಾಗೆ ಇಟ್ಕಂಡಿದ್ದೆ ನಾನು? ಹನ್ನೆರಡ್ ಮೈಲಿ ನಡೆದಿದೀನಿ ಕಣವ್ವ. ಆಯ್ತದಾ, ಆಗಲ್ವಾ, ಅದ್ ಹೇಳು.”

ಅವಳು ಒಳಗೆ ಹೋಗಿ ಅರ, ಚಮಚ, ಡಬ್ಬಿ, ಸೀಸೆ ತಂದಳು. ಪುಡಿ ಕಲಸಿ ಬಿರುಕಿಗೆ ತುಂಬಿದಳು. ದ್ಯಾಮಮ್ಮ ಒಲೆಯ ಮೇಲೆ ನೀರಿಟ್ಟಳು. ಮಧ್ಯಾಹ್ನ ತಿರುಗುವ ಹೊತ್ತಿಗೆ ಪಟ್ಟಿ ಗಟ್ಟಿಯಾಯಿತು. ಉಜ್ಜಿ, ಊದಿ, ತೊಳೆದಳು. ಆದರೆ ಕೂತಿದೆಯೋ ಇಲ್ಲವೋ ನೋಡಲು ಅಚ್ಚು ಇರಲಿಲ್ಲ. ಇದ್ದದ್ದು ಮುದುಕನೇ.

ಅವನನ್ನು ಬಂಡೆಯ ಮೇಲೆ, ಬಿಸಿಲಿಗೆ ಮುಖ ಮಾಡಿ ಕೂರಿಸಿದಳು. ಕೇರಿಯವರು ನೋಡುತ್ತಿದ್ದರು. ಗೇಟಿನ ಆಚೆ ಗಾಡಿ ನಿಲ್ಲಿಸಿಕೊಂಡಿದ್ದ ಊರವರೂ ನೋಡುತ್ತಿದ್ದರು. ನೋಡಲಿ ಅಂದುಕೊಂಡಳೋ ಇಲ್ಲವೋ, ಅವಳು ಆ ಕಡೆ ತಿರುಗಲಿಲ್ಲ.

“ಬಾಯ್ ಕಳಿ,” ಅಂದಳು.

ಮುದುಕ ಬಾಯಿ ತೆರೆದ. ಅವಳು ಎರಡು ಬೆರಳು ಒಳಗಿಟ್ಟು ದವಡೆಯನ್ನು ಈ ತುದಿಯಿಂದ ಆ ತುದಿಗೆ ಸವರಿದಳು. ಬಾಯಿ ಒದ್ದೆಯಾಗಿತ್ತು. ನಾಲಿಗೆ ಅಡ್ಡ ಬಂತು. ಉಸಿರು ಬಂತು, ತಂಬಾಕಿನ ವಾಸನೆ ಬಂತು. ಅರವತ್ತೆರಡು ಬಾಯಿಗೆ ಹಲ್ಲು ಕಟ್ಟಿದ್ದ ದುರ್ಗಮ್ಮ ಒಂದು ಬಾಯಿಯನ್ನೂ ಮುಟ್ಟಿರಲಿಲ್ಲ. ಅವಳು ಕಂಡಿದ್ದವು ಎಲ್ಲ ಒಣಗಿದ ಬಾಯಿಗಳು.

“ಇನ್ನೊಸಿ ಕಳಿ,” ಅಂದಳು. “ಕಾಣ್ತಿಲ್ಲ.”

ರೇವಣಪ್ಪ ಇನ್ನೂ ಅಗಲಕ್ಕೆ ತೆರೆದ.